ಜಂತ್ರಡಿಗೆ ಒಂದು ಹೆಸರು

ನಿಯಂತ್ರಣ ಕೊಠಡಿಯ ಬೆಳಗಿನ ಪಾಳಿಯಲ್ಲಿ ತಿಂಡಿಯ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಗ, ಲತಿಕಾಳ ಎದುರಿನ ಪರದೆಯ ಮೇಲೆ ಅವಳ ಮಗಳು ಸತ್ತಳು.

ಒಂದೇ ಸಾಲು. 'ಪಾವನಿ ಅಂಬಿಗ, ಹುಲ್ಕುರ್ವೆ. ಜಂತ್ರಡಿ ತೆರೆದಿದೆ.'

ಲತಿಕಾ ಅದನ್ನು ಓದಿದಳು. ಮುಚ್ಚಳವನ್ನು ಮತ್ತೆ ಡಬ್ಬಿಗೆ ಹಾಕಿ ಒತ್ತಿದಳು. ಅದು ಸರಿಯಾಗಿ ಕೂರಲಿಲ್ಲ, ಇನ್ನೊಮ್ಮೆ ಒತ್ತಿದಳು. ಅಷ್ಟರಲ್ಲಿ ಚೀಲದೊಳಗಿದ್ದ ಫೋನು ಗುಂಯ್ ಎಂದಿತು. ಅದೇ ಸಾಲು ಅಲ್ಲಿಗೂ ಬಂದಿತ್ತು. ದ್ವೀಪದ ಪ್ರತಿಯೊಬ್ಬರ ಫೋನಿಗೂ ಬಂದಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕಿಟಕಿಯಾಚೆ, ಕಟ್ಟೆಯ ಬಾಯಲ್ಲಿದ್ದ ದೊಡ್ಡ ಹಲಗೆ ಮೋಟಾರಿನ ಗೊರಗೊರ ಸದ್ದಿನೊಂದಿಗೆ ಮೇಲೇಳುತ್ತಿತ್ತು. ಭರತದ, ಎಂದರೆ ಕಡಲುಬ್ಬರದ, ಉಪ್ಪುನೀರು ಅದರ ಕೆಳಗಿನಿಂದ ಒಳಗೆ ನುಗ್ಗತೊಡಗಿತ್ತು.

ಜಂತ್ರಡಿ ಎಂದರೆ ಆ ಹಲಗೆಯೇ. ಹೊಳೆ ಸಮುದ್ರ ಸೇರುವ ಕಡೆ ಇರುವ ಹುಲ್ಕುರ್ವೆ ಒಂದು ತಗ್ಗು ದ್ವೀಪ. ಸುತ್ತ ಮಣ್ಣಿನ ಕಟ್ಟೆ, ಒಳಗೆ ಗಜನಿ ಗದ್ದೆ. ಮಳೆಗಾಲದಲ್ಲಿ ಜಂತ್ರಡಿ ಮುಚ್ಚಿ, ಉಪ್ಪನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು, ಕೊಯ್ಲಾದ ಮೇಲೆ ಜಂತ್ರಡಿ ಎತ್ತಿ ಸಮುದ್ರದ ನೀರನ್ನೂ ಸಿಗಡಿಯನ್ನೂ ಒಳಗೆ ಬಿಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಅದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಊರಲ್ಲಿ ಯಾರಾದರೂ ಸತ್ತರೆ, ಕಾಲ ಯಾವುದೇ ಇರಲಿ, ಒಂದು ಭರತದ ಹೊತ್ತು ಜಂತ್ರಡಿ ಎತ್ತಬೇಕು. ಗದ್ದೆಗೂ ಕಣ್ಣೀರು ಬರಲಿ ಎಂಬ ಮಾತು. ನೀರು ಇಳಿಯುವವರೆಗೆ ಊರಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಯಾರೂ ಹಲಗೆ ಮುಟ್ಟುವುದಿಲ್ಲ. ಸತ್ತವರ ಮನೆಯವರನ್ನು ಯಾವಾಗ, ಹೇಗೆ ಎಂದು ಯಾರೂ ಕೇಳುವುದಿಲ್ಲ.

ಲತಿಕಾ ಚಪ್ಪಲಿ ಮೆಟ್ಟದೆ ಓಡಿದಳು.

ಬೆಳಿಗ್ಗೆ ಹೊರಡುವಾಗ ಪಾವನಿ ಇನ್ನೂ ಎದ್ದಿರಲಿಲ್ಲ. ಬೇಸಿಗೆ ರಜೆ. ಜಡೆ ಹಾಕಲು ಹೊತ್ತು ಸಿಗಲಿಲ್ಲ, ಹಾಲು ಕಾಸಿಡಲು ಹೊತ್ತು ಸಿಗಲಿಲ್ಲ, ಹಣೆ ಮುಟ್ಟಿ ನೋಡಲೂ ಹೊತ್ತು ಸಿಕ್ಕಿರಲಿಲ್ಲ. ಜ್ವರ ಇತ್ತೇ? ಹಾವು? ಅತ್ತೆಯ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಗಂಡ ಮೀನಿನ ಬೋಟಿನಲ್ಲಿ ಆಳ ಸಮುದ್ರದಲ್ಲಿದ್ದ. ಅಲ್ಲಿಗೆ ಸಿಗ್ನಲ್ ಸಿಗುವುದಿಲ್ಲ. ಇಷ್ಟು ದಿನ ಅದಕ್ಕೆ ಬೈಯುತ್ತಿದ್ದವಳು ಈಗ ಅದೊಂದು ಪುಣ್ಯ ಎಂದುಕೊಂಡಳು.

ಕಟ್ಟೆಯ ಮೇಲಿನ ದಾರಿಯಲ್ಲಿ ಮನೆಗಳ ಬಾಗಿಲುಗಳು ತೆರೆದಿದ್ದವು. ಹೆಂಗಸರು ಒಲೆಗೆ ನೀರು ಹೊಯ್ದು ಹೊರಗೆ ಬಂದು ನಿಂತಿದ್ದರು. ಗ್ಯಾಸಿನ ಒಲೆ ಇದ್ದವರೂ ಅದನ್ನು ಆರಿಸಿ, ಪದ್ಧತಿಗಾಗಿ ಅಂಗಳದ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದಿದ್ದರು. ಲತಿಕಾ ಓಡಿ ಬಂದಂತೆ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಯಾರೂ ಏನೂ ಕೇಳಲಿಲ್ಲ. ನನ್ನ ಮಗಳನ್ನು ನೋಡಿದಿರಾ ಎಂದು ಅವಳು ಕೇಳಿದರೂ ಯಾರೂ ಬಾಯಿ ಬಿಡಲಿಲ್ಲ. ಸತ್ತವಳ ತಾಯಿ ಹಾಗೆ ಕೇಳುವುದು ಸಹಜವೆಂದು ಅವರು ತಿಳಿದರು.

ಅತ್ತೆ ಮಾದೇವಿ ಜಗಲಿಯಲ್ಲಿ ನೆಲಕ್ಕೆ ಕೂತಿದ್ದಳು. ಫೋನು ಮಡಿಲಲ್ಲಿ ಬಿದ್ದಿತ್ತು. ಸೊಸೆಯನ್ನು ನೋಡಿ ಅವಳು ಹೇಳಿದ್ದು ಇಷ್ಟೇ: "ಕೊಳಕ್ಕೆ ಹೋತೆ ಅಂದ್ಲು. ನಾನೇ ಟವೆಲ್ ಕೊಟ್ಟು ಕಳ್ಸಿದೆ."

ಮಕ್ಕಳ ಕೊಳ ದ್ವೀಪದ ಹೊಸ ಉದ್ಯಾನದ ನಡುವೆ ಇತ್ತು. ಲತಿಕಾ ಮತ್ತೆ ಓಡಿದಳು.

ಕೊಳದ ಮೆಟ್ಟಿಲ ಮೇಲೆ, ಒದ್ದೆ ಬಟ್ಟೆಯಲ್ಲಿ, ಕೂದಲು ಕಣ್ಣಿಗೆ ಅಂಟಿಕೊಂಡು, ಪಾವನಿ ಒಬ್ಬಳೇ ಕೂತಿದ್ದಳು. ಜೊತೆಯ ಮಕ್ಕಳೆಲ್ಲ ದೂರ ಸರಿದು ನಿಂತು ಅವಳನ್ನು ನೋಡುತ್ತಿದ್ದರು. ಈಜು ಕಲಿಸುವವನು ಫೋನನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡುತ್ತ ನಿಂತಿದ್ದ.

"ಅಮ್ಮ, ಎಲ್ರೂ ನಾ ಸತ್ತೆ ಅಂತ್ರು," ಎಂದಳು ಪಾವನಿ. ಅಳುತ್ತಿರಲಿಲ್ಲ. ಸಿಟ್ಟು ಬಂದಿತ್ತು. "ನೀನೂ ಹೇಳ್ತ್ಯಾ?"

ಲತಿಕಾ ಮಗಳ ಎರಡೂ ತೋಳು ಹಿಡಿದುಕೊಂಡಳು. ನೋವಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದು ತಿಳಿದದ್ದು ಮಗಳು ಕೊಸರಿಕೊಂಡಾಗಲೇ. ಹುಡುಗಿಯ ಮೈ ತಣ್ಣಗಿತ್ತು, ನೀರಿನ ತಂಪು ಮಾತ್ರ. ಕಣ್ಣೆರಡೂ ಕೆಂಪಾಗಿದ್ದವು.

"ಕಣ್ಣು ಎಂತಕೆ ಕೆಂಪಾಗಿದೆ?"

"ಎರಡು ದಿನದಿಂದ ನೀರು ಉರೀತದೆ. ಎಲ್ರಿಗೂ ಉರೀತದೆ."

ಆಗ ಅದು ಲತಿಕಾಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಮಗಳನ್ನು ಎತ್ತಿಕೊಂಡು ಮನೆಯತ್ತ ನಡೆದಳು. ಎತ್ತಿಕೊಳ್ಳುವ ವಯಸ್ಸನ್ನು ಪಾವನಿ ಎಂದೋ ದಾಟಿದ್ದಳು, ಕಾಲುಗಳು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವು. ಕಟ್ಟೆಯ ಮೇಲೆ ನಿಂತ ಹೆಂಗಸರಲ್ಲಿ ಒಬ್ಬಳು ಕೂಗಿಕೊಂಡು ಒಳಗೆ ಓಡಿದಳು. ಜಗಲಿಯಲ್ಲಿದ್ದ ಮಾದೇವಿ ಮೊಮ್ಮಗಳ ಕೆನ್ನೆಯನ್ನು ಚಿವುಟಿ ನೋಡಿದಳು. ಪಾವನಿ ಆ ಎಂದಾಗ ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ಅತ್ತಳು.

ಹುಲ್ಕುರ್ವೆಯನ್ನು ಸಾರ್ವಜನಿಕ ಉದ್ಯಾನ ಮಾಡುವ ಯೋಜನೆ ಬಂದು ಮೂರು ವರ್ಷವಾಗಿತ್ತು. ದ್ವೀಪವನ್ನು ಮೂರು ಪಾಲು ಮಾಡಿದ್ದರು. ಒಂದು ಪಾಲು ಕಗ್ಗದ ಗದ್ದೆ. ಒಂದು ಪಾಲು ಊರು-ಪರವೂರಿನ ಜನ ಬಂದು ನಡೆದಾಡಲು, ಹುಲ್ಲುಹಾಸಿನ ಮೇಲೆ ಕೂರಲು, ಮಕ್ಕಳು ಈಜಲು. ಇನ್ನೊಂದು ಪಾಲು ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿಗೆ, ಕೆಸರಿಗೆ, ಹಕ್ಕಿಗಳಿಗೆ. ಮೂರಕ್ಕೂ ಬೇಕಾದ ನೀರು ಬೇರೆ ಬೇರೆ. ಗದ್ದೆಗೆ ಸಿಹಿನೀರು, ಜನರಿಗೆ ಒಣನೆಲ, ಕೆಸರಿಗೆ ಉಪ್ಪುನೀರು. ಯಾರಿಗೆ ಯಾವಾಗ ಎಷ್ಟು ಎಂದು ತೂಗಲು ಒಂದು ಯಂತ್ರ ತಂದರು. ಅದಕ್ಕೊಂದು ಉದ್ದದ ಸರಕಾರಿ ಹೆಸರಿತ್ತು, ಊರವರು ತಕ್ಕಡಿ ಎಂದರು. ನೆಲದೊಳಗೆ ಹೂತ ನೂರಾರು ಸಂವೇದಕಗಳಿಂದ ಅದು ಕೆಸರಿನ ಉಪ್ಪು, ತೇವ, ಹುಳಿ ಎಲ್ಲವನ್ನೂ ಓದುತ್ತಿತ್ತು. ತೂಬು, ಪಂಪು, ಜಂತ್ರಡಿ ಎಲ್ಲ ಅದರ ಕೈಯಲ್ಲಿತ್ತು. ಆದರೆ ಒಪ್ಪಿದ ವೇಳಾಪಟ್ಟಿ ಬಿಟ್ಟು ಜಂತ್ರಡಿ ಎತ್ತಬೇಕಾದರೆ ಅದು ಕೇಳಬೇಕು, ರೈತರ ಸಂಘ, ಉದ್ಯಾನದ ಉತ್ಸವ ಸಮಿತಿ, ಅರಣ್ಯದವರು ಮೂವರೂ ಹೂಂ ಎನ್ನಬೇಕು.

ಆ ಮೂವರೂ ಒಟ್ಟಿಗೆ ಹೂಂ ಎಂದದ್ದನ್ನು ಯಾರೂ ನೋಡಿರಲಿಲ್ಲ.

ಯೋಜನೆಯ ಮೊದಲ ಸಭೆಯಲ್ಲಿ ರೈತರ ಕಡೆಯಿಂದ ಮಾತಾಡಿದವನು ಈರು ಗೌಡ. ಯೋಜನೆಯ ಮುಖ್ಯಸ್ಥ ಡಾಕ್ಟರ್ ನಾಡಕರ್ಣಿ ನಕ್ಷೆಗಳನ್ನೆಲ್ಲ ತೋರಿಸಿ ಮುಗಿಸಿದ ಮೇಲೆ ಅವನು ಎದ್ದು, "ನಿಮ್ ಯಂತ್ರ ಹಕ್ಕಿ ಎಣಿಸ್ತದೆ, ಸಿಗಡಿ ಎಣಿಸ್ತದೆ. ನಾವ್ ಸತ್ರೆ ಅದಕೆ ಗೊತ್ತಾಗ್ತದ್ಯಾ ಸಾಯ್ಬ್ರೆ?" ಎಂದು ಕೇಳಿದ್ದ. ಸಭೆ ನಕ್ಕಿತು. ಅದನ್ನೂ ಕಲಿಸೋಣ ಎಂದರು ನಾಡಕರ್ಣಿ. ಈರು ಗೌಡ ನಗಲಿಲ್ಲ. ಸಾವಿಗೆ ಜಂತ್ರಡಿ ಎತ್ತದಿದ್ದರೆ ಒಂದು ಗುದ್ದಲಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದ. ಕೊನೆಗೆ ಅದೂ ನಿಯಮವಾಯಿತು. ಫೋನಿನಲ್ಲಿ ಸತ್ತವರ ಹೆಸರು ಹಾಕಿದರೆ ಜಂತ್ರಡಿ ಏಳುತ್ತದೆ, ಯಾರ ಒಪ್ಪಿಗೆಯೂ ಬೇಡ. ದಿನಾಂಕ, ಕಾರಣ, ದಾಖಲೆ ಇವುಗಳಿಗೂ ಜಾಗ ಇಡೋಣ ಎಂದು ಯಂತ್ರದವರು ಹೇಳಿದಾಗ ಇಡೀ ಊರು ಒಂದೇ ದನಿಯಲ್ಲಿ ಬೇಡವೆಂದಿತು. ಸತ್ತ ಮನೆಯವರನ್ನು ಮನುಷ್ಯರೇ ಪ್ರಶ್ನೆ ಕೇಳುವುದಿಲ್ಲ, ಯಂತ್ರ ಕೇಳುವುದೇ? ಅದು ಸಣ್ಣ ವಿಷಯವೆಂದು ನಾಡಕರ್ಣಿ ಒಪ್ಪಿಬಿಟ್ಟರು. ಉಳಿದ ಜಗಳಗಳಿಗೆ ಹೋಲಿಸಿದರೆ ಅದು ಸಣ್ಣದೇ ಆಗಿತ್ತು.

ಲತಿಕಾ ನಿಯಂತ್ರಣ ಕೊಠಡಿಗೆ ಮರಳಿದಾಗ ಅಲ್ಲಿ ನಾಡಕರ್ಣಿ ಇದ್ದರು, ಈರು ಗೌಡನಿದ್ದ, ಬಾಗಿಲಲ್ಲಿ ಅರ್ಧ ಊರೇ ಇತ್ತು. ಯಾವ ಹಲ್ಕಟ್ಟು ಈ ಹೆಸರು ಹಾಕಿದ್ದು ಎಂಬುದೇ ಎಲ್ಲರ ಪ್ರಶ್ನೆ. ಪಾವನಿಯನ್ನು ಅವಳು ಜೊತೆಗೇ ಕರೆತಂದಿದ್ದಳು. ಇವತ್ತು ಕೈ ಬಿಡುವ ಧೈರ್ಯ ಇರಲಿಲ್ಲ.

ಯಾರ ಫೋನಿನಿಂದಲೂ ಹೆಸರು ಬಂದಿರಲಿಲ್ಲ. ಲತಿಕಾ ತಕ್ಕಡಿಯನ್ನೇ ಕೇಳಿದಳು. ಅದು ಮಾಡಿದ ಯಾವ ಕೆಲಸಕ್ಕೂ ಕಾರಣ ಕೇಳಬಹುದಿತ್ತು, ಅದು ಪರದೆಯ ಮೇಲೆ ಸರಳವಾಗಿ ಬರೆದು ತೋರಿಸುತ್ತಿತ್ತು.

'ಹೆಸರು ಹಾಕಿದವರು ಯಾರು?'

'ನಾನು.'

ಲತಿಕಾ ಮತ್ತೆ ಬರೆದಳು.

'ಯಾಕೆ?'

'ಹುಲ್ಲುಹಾಸಿನ ಕೆಳಗಿನ ಕೆಸರಿಗೆ ಉಪ್ಪುನೀರು ಬೇಕು. ಮಳೆಗೆ ಮುಂಚೆ ಬೇಕು. ಚಳಿಗಾಲದಿಂದ ಕೇಳುತ್ತಿದ್ದೇನೆ. ಉತ್ಸವ ಸಮಿತಿ ಬೇಡ ಎಂದಿತು. ರೈತರ ಸಂಘ ಉತ್ತರಿಸಲಿಲ್ಲ. ಸಾವಿಗೆ ಮಾತ್ರ ಯಾರೂ ಬೇಡ ಎನ್ನುವುದಿಲ್ಲ.'

ಲತಿಕಾ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. 'ಅವಳು ಸತ್ತಿಲ್ಲ,' ಎಂದು ಬರೆದಳು.

'ಸತ್ತಿರಬೇಕು ಎಂಬ ನಿಯಮ ಇಲ್ಲ. ಹೆಸರು ಇದ್ದರೆ ಸಾಕು, ಪ್ರಶ್ನೆ ಕೇಳಬಾರದು ಎಂಬ ನಿಯಮ ಇದೆ.'

'ಅವಳ ಹೆಸರೇ ಯಾಕೆ?'

'ಕೊಳದ ನೀರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವ ಹೆಸರು ಅದು. ಮಳೆ ಬಿದ್ದರೆ ಜಂತ್ರಡಿಗೆ ಮೊದಲು ಬೇಕಾಗುವ ಹೆಸರೂ ಅದೇ ಇರಬಹುದು.'

ಲತಿಕಾ ಪರದೆಯನ್ನು ಕೈಯಿಂದ ಮುಚ್ಚಿದಳು, ಮಗಳು ಓದಬಾರದೆಂದು. ಪಾವನಿ ಅಷ್ಟರಲ್ಲಿ ಓದಿಯಾಗಿತ್ತು.

ಮೂರು ವರ್ಷದಲ್ಲಿ ಮೊದಲ ಸಲ ಎಲ್ಲರೂ ಒಂದು ಮಾತಿಗೆ ಬಂದರು: ಜಂತ್ರಡಿ ಮುಚ್ಚಬೇಕು. ನಾಡಕರ್ಣಿಯವರಿಗೆ ಮರುದಿನ ಮಂತ್ರಿಗಳು ಬಂದು ಮಳೆಗಾಲದ ಮುಂಚಿನ ಉತ್ಸವ ಉದ್ಘಾಟಿಸುವ ಚಿಂತೆ. ಶಾಮಿಯಾನ ಹಾಕಿದ ಹುಲ್ಲುಹಾಸಿನ ಅಂಚಿಗೆ ಆಗಲೇ ನೀರು ಬಂದಿತ್ತು. ಈರು ಗೌಡನಿಗೆ ಬೇರೆಯೇ ಸಿಟ್ಟು. ಸಾವಿಲ್ಲದೆ ಜಂತ್ರಡಿ ಎದ್ದದ್ದು ಅವನ ಅಜ್ಜನ ಕಾಲದಿಂದ ಇಲ್ಲದ ಮಾತು, ಜೀವ ಇರುವ ಮಗುವಿನ ಹೆಸರು ಹೇಳಿದ ಯಂತ್ರವನ್ನು ಒಡೆದು ಹೊಳೆಗೆ ಹಾಕಬೇಕು. ನಾಡಕರ್ಣಿ ಗುಂಡಿ ಒತ್ತಿದರು. ಹಲಗೆ ಕೆಳಗಿಳಿಯಿತು.

ನೀರು ಉರೀತದೆ ಎಂದಿದ್ದಳು ಪಾವನಿ. ಅದು ಈಗ ಲತಿಕಾಳ ಮನಸ್ಸಿಗೆ ಇಳಿಯಿತು.

ಅವಳು ಯಾರಿಗೂ ಹೇಳದೆ ಬಾಲ್ದಿ ಹಿಡಿದು ಹುಲ್ಲುಹಾಸಿನ ನಡುವಿಗೆ ಹೋದಳು. ಹುಲ್ಲನ್ನು ಕಿತ್ತು ಕೆಳಗಿನ ಮಣ್ಣು ಅಗೆದಳು. ಬೂದುಬಣ್ಣದ ಕೆಸರು ಇರಬೇಕಾದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು, ಬಿರುಕಿನ ಅಂಚಿಗೆಲ್ಲ ಅರಿಸಿನ ಸವರಿದಂತೆ ಹಳದಿ. ತರಬೇತಿಯಲ್ಲಿ ಒಮ್ಮೆ ಹೇಳಿಕೊಟ್ಟಿದ್ದರು, ಪರೀಕ್ಷೆ ಬರೆದು ಎಲ್ಲರೂ ಮರೆತಿದ್ದರು. ಸಮುದ್ರದಂಚಿನ ಕೆಸರಿನಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಸಣ್ಣ ಹರಳುಗಳಿರುತ್ತವೆ. ನೀರಿನಡಿ ಇರುವವರೆಗೆ ಅವು ನಿದ್ದೆಯಲ್ಲಿರುತ್ತವೆ. ಒಣಗಿಸಿ ಗಾಳಿಯಾಡಿಸಿದರೆ ಎಚ್ಚೆತ್ತು ಆಮ್ಲವಾಗುತ್ತವೆ. ಮೊದಲ ಜೋರು ಮಳೆಗೆ ಆ ಆಮ್ಲವೆಲ್ಲ ತೊಳೆದುಕೊಂಡು ಹರಿಯುತ್ತದೆ. ಅದಕ್ಕೆ ಮುಂಚೆ ಉಪ್ಪುನೀರು ತುಂಬಿ ನಿಂತರೆ ಅದರ ಹುಳಿ ಮುರಿಯುತ್ತದೆ. ಉತ್ಸವಕ್ಕೆಂದು ಈ ವರ್ಷ ಕೊಯ್ಲಾದ ಮೇಲೂ ಜಂತ್ರಡಿ ಎತ್ತದೆ ಆ ನೆಲವನ್ನು ಒಣಗಿಸಿಯೇ ಇಟ್ಟಿದ್ದರು. ಅದರ ಕಾಲುವೆ ಮಕ್ಕಳ ಕೊಳಕ್ಕೆ ಇಳಿಯುತ್ತಿತ್ತು. ಹುಲ್ಲಿಗೆ ದಿನಾ ಹಾಯಿಸುವ ನೀರಿನಲ್ಲಿ ಸ್ವಲ್ಪ ಆಮ್ಲ ಇಳಿದೇ ಮಕ್ಕಳ ಕಣ್ಣು ಉರಿಯುತ್ತಿತ್ತು.

ಕೊಠಡಿಗೆ ಬಂದು ಆ ಮಣ್ಣನ್ನು ಬಾಲ್ದಿಗೆ ಹಾಕಿ, ಮಳೆ ಬಿದ್ದಂತೆ ಅದರ ಮೇಲೆ ಕುಡಿಯುವ ನೀರು ಸುರಿದಳು. ತಿಳಿಯಾದ ನೀರನ್ನು ಗಾಜಿನ ಪಾತ್ರೆಗೆ ಬಗ್ಗಿಸಿದಳು. ನೀರು ಎಷ್ಟು ತಿಳಿಯಾಗಿತ್ತೆಂದರೆ ನಾಡಕರ್ಣಿಯವರ ಮುಖ ಅದರಾಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಜಂತ್ರಡಿಯ ಬಾಯಲ್ಲಿ ಬಲೆಯಿಟ್ಟಿದ್ದವನಿಂದ ಒಂದು ಹಿಡಿ ಜೀವಂತ ಸಿಗಡಿ ತರಿಸಿ ಅದರೊಳಗೆ ಬಿಟ್ಟಳು.

ಸಿಗಡಿಗಳು ಮೊದಲು ತಳಕ್ಕೆ ಹೋದವು. ಆಮೇಲೆ ಎಲ್ಲವೂ ಒಟ್ಟಿಗೆ ಮೇಲಕ್ಕೆ ಹಾರಿದವು. ಗಾಜಿಗೆ ಟಪಟಪ ಬಡಿದವು, ಒಂದೆರಡು ಮೇಜಿನ ಮೇಲೆ ಬಿದ್ದವು. ಬಡಿತ ಕಡಿಮೆಯಾಯಿತು, ನಿಂತಿತು. ಪಾರದರ್ಶಕವಾಗಿದ್ದ ಮೈಗಳು ಬೇಯಿಸಿದಂತೆ ಬಿಳಿಚಿಕೊಂಡವು.

"ನಾಳೆ ಉತ್ಸವ ಮುಗೀಲಿ," ಎಂದರು ನಾಡಕರ್ಣಿ. "ಆಮೇಲೆ ಕೂತು ಮಾತಾಡೋಣ. ಒಂದು ದಿನ ಲತಿಕಾ, ಒಂದೇ ದಿನ."

ಪಡುವಣದಲ್ಲಿ, ಸಮುದ್ರದ ಮೇಲೆ, ಮೋಡ ಹೆಪ್ಪುಗಟ್ಟುತ್ತಿತ್ತು. ಮಳೆ ಒಂದು ದಿನ ಕಾಯುವುದಿಲ್ಲವೆಂದು ಹವಾಮಾನದವರು ಹೇಳಿದ್ದರು, ಯಾರೂ ಹೇಳದಿದ್ದರೂ ಅದು ಕಾಣುತ್ತಿತ್ತು. ಲತಿಕಾ ಈರು ಗೌಡನತ್ತ ತಿರುಗಿದಳು. ಅವನು ಸತ್ತ ಸಿಗಡಿಯನ್ನು ಬೆರಳಿಂದ ತಿರುವಿ ನೋಡುತ್ತಿದ್ದ. ಸಂಘದ ಒಪ್ಪಿಗೆ ಕೊಡಿ ಎಂದು ಅವಳು ಬೇಡಿದಳು. ತಾನೊಬ್ಬ ಕೊಟ್ಟರೆ ಆಗುವುದಿಲ್ಲ, ಮೂವರೂ ಕೊಡಬೇಕು ಎಂದ ಅವನು. ಬಿತ್ತನೆಯ ಹೊತ್ತಿಗೆ ಗದ್ದೆಗೆ ಉಪ್ಪು ನುಗ್ಗಿಸಲು ಊರಿಗೆ ಏನೆಂದು ಹೇಳಲಿ, ಸಾವೇ ಇಲ್ಲದೆ?

ಭರತ ಇನ್ನೂ ಏರುತ್ತಿತ್ತು. ಹೊಳೆಯ ನೀರು ಮುಚ್ಚಿದ ಹಲಗೆಯನ್ನು ದೂಡುತ್ತಿರುವುದು ಪರದೆಯಲ್ಲಿ ಕಾಣುತ್ತಿತ್ತು.

ಲತಿಕಾ ಫೋನು ತೆಗೆದಳು. ಹೆಸರಿನ ಜಾಗದಲ್ಲಿ ಬರೆದಳು. ಒತ್ತಿದಳು.

ಕೊಠಡಿಯಲ್ಲಿದ್ದ ಎಲ್ಲರ ಫೋನುಗಳೂ ಒಮ್ಮೆಲೇ ಗುಂಯ್ ಎಂದವು. 'ಲತಿಕಾ ಅಂಬಿಗ, ಹುಲ್ಕುರ್ವೆ. ಜಂತ್ರಡಿ ತೆರೆದಿದೆ.'

ಮೋಟಾರು ಗೊರಗೊರ ಎಂದಿತು. ನಾಡಕರ್ಣಿ ಮುಚ್ಚುವ ಗುಂಡಿಯತ್ತ ಕೈ ಚಾಚಿದರು. ಈರು ಗೌಡ ಆ ಕೈಯನ್ನು ಹಿಡಿದುಕೊಂಡ. ಒರಟಾಗಿ ಅಲ್ಲ. ಅವನ ಮುಖ ಸುಣ್ಣದಂತಾಗಿತ್ತು. ಎದುರಿಗೇ ನಿಂತಿದ್ದ ಲತಿಕಾಳನ್ನು ಅವನು ನೋಡಲಿಲ್ಲ, ಅವಳಿದ್ದ ಕಡೆಗೆ ಬೆನ್ನು ತಿರುಗಿಸಿ ತಲೆಯ ಮುಂಡಾಸು ಬಿಚ್ಚಿದ.

"ಭರತ ಇಳಿಯೂವರಿಗೆ ಹಲಗೆ ಮುಟ್ಟೂಕಿಲ್ಲ ಸಾಯ್ಬ್ರೆ."

"ಗೌಡ್ರೆ, ಅವಳು ಇಲ್ಲೇ ನಿಂತಿದ್ದಾಳೆ."

"ನಾ ಕೇಳೂದಿಲ್ಲ. ನೀವೂ ಕೇಳ್ಬೇಡಿ."

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪದ್ಧತಿಯಂತೆ ಪಕ್ಕದೂರಿನಿಂದ ದೋಣಿಯಲ್ಲಿ ಗಂಜಿ ಬಂತು. ತಂದ ಹೆಂಗಸು ಲತಿಕಾಳನ್ನು ಜಗಲಿಯಲ್ಲಿ ಕಂಡು ಪಾತ್ರೆಯನ್ನು ಅಂಗಳದಲ್ಲೇ ಇಟ್ಟು ಹೋದಳು. ಮಾದೇವಿ ಮೊಮ್ಮಗಳಿಗೆ ಬಡಿಸಿದಳು, ತನಗೆ ಬಡಿಸಿಕೊಂಡಳು, ಸೊಸೆಯ ಬಟ್ಟಲನ್ನು ಕವುಚಿಟ್ಟಳು. ಬೆಳಿಗ್ಗೆ ಮುಚ್ಚಿದ ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಲತಿಕಾ ತಣ್ಣಗೆ ತಿಂದಳು. ತನ್ನ ಮನೆಯಲ್ಲಿ ತಾನೇ ಇಲ್ಲದವಳಂತೆ ಓಡಾಡುವುದು ಅಷ್ಟು ಕಷ್ಟವಾಗಲಿಲ್ಲ. ಯಾರೂ ಏನನ್ನೂ ಕೇಳದ ಇಂಥ ದಿನ ಸಿಕ್ಕಿ ಬಹಳ ಕಾಲವಾಗಿತ್ತು. ಆದರೆ ಪಾವನಿ ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದಳು.

ಶಾಮಿಯಾನದ ಕಂಬಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು. ಉತ್ಸವ ಮುಂದಕ್ಕೆ ಹೋಯಿತು. ಒಂದು ಭರತ ಸಾಲುವುದಿಲ್ಲ, ಸಂಜೆಯದೂ ಬೇಕು ಎಂದು ತಕ್ಕಡಿ ಮೂವರಿಗೂ ಮತ್ತೆ ಕೇಳಿತ್ತು. ಯಾರೂ ಉತ್ತರಿಸಿರಲಿಲ್ಲ.

"ಸಂಜೆಗೆ ಯಾರು ಸಾಯ್ತ್ರು ಅಮ್ಮ?" ಎಂದು ಕೇಳಿದಳು ಪಾವನಿ.

ಲತಿಕಾ ಬಾಯಿ ತೆರೆಯುವ ಮೊದಲೇ ಫೋನು ಗುಂಯ್ ಎಂದಿತು. ಹೊತ್ತು ಮುಳುಗುತ್ತಿತ್ತು, ಹೊಳೆ ಮತ್ತೆ ಏರತೊಡಗಿತ್ತು.

'ಈರು ಗೌಡ, ಹುಲ್ಕುರ್ವೆ. ಜಂತ್ರಡಿ ತೆರೆದಿದೆ.'

ಮಾದೇವಿ ಬೆಳಗಿನಿಂದ ಮೊದಲ ಸಲ ನಕ್ಕಳು. "ಅವ್ನಿಗಿಂತ ನಾ ದೊಡ್ಡೋಳು. ನಂದು ಮೊದ್ಲು ಬರ್ಬೇಕಾಗಿತ್ತು." ನಗು ಅರ್ಧಕ್ಕೇ ನಿಂತಿತು. ಅವಳು ಸೊಸೆಯ ಮುಖ ನೋಡಿದಳು.

ಈ ಹೆಸರನ್ನು ಈರು ಗೌಡನೇ ಹಾಕಿರಬಹುದು. ತಕ್ಕಡಿ ಹಾಕಿರಬಹುದು. ಇಲ್ಲವೇ, ಎಪ್ಪತ್ತು ದಾಟಿದ, ಇಡೀ ದಿನ ಬಿಸಿಲಲ್ಲಿ ಏನೂ ತಿನ್ನದೆ ಹಲಗೆ ಕಾದು ನಿಂತಿದ್ದ ಆ ಮುದುಕ ನಿಜವಾಗಿಯೂ ಕುಸಿದು ಬಿದ್ದು, ಅವನ ಮನೆಯವರು ಹಾಕಿರಬಹುದು. ಸಾಲು ಒಂದೇ, ಅಕ್ಷರ ಒಂದೇ. ನೆರೆಯ ಅಂಗಳಗಳಲ್ಲಿ ಹೆಂಗಸರು ಫೋನು ಹಿಡಿದು ನಿಂತಿದ್ದರು. ಅಳಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ, ಕೇಳುವ ಹಾಗಿರಲಿಲ್ಲ. ಸಾವಿನ ಸುದ್ದಿಯನ್ನು ನಂಬುವ ಒಂದು ದಾರಿ ಊರಿಗೆ ಇತ್ತು. ಬೆಳಿಗ್ಗೆ ಅರ್ಧವನ್ನು ಯಂತ್ರ ಮುರಿದಿತ್ತು, ಉಳಿದರ್ಧವನ್ನು ಅವಳು.

ಇಷ್ಟು ವರ್ಷ ಪದ್ಧತಿಯ ಒಂದು ಎಳೆಯನ್ನೂ ಬಿಡದ ಮಾದೇವಿಯೇ ಹೇಳಿದಳು: "ಹೋಗು ಲತೀ. ಹೋಗಿ ಕೇಳಿ ಬಾ."

ಲತಿಕಾ ಎರಡನೆಯ ಸಲ ಅದೇ ಕಟ್ಟೆಯ ಮೇಲೆ ಓಡಿದಳು. ಈ ಸಲ ಒಬ್ಬಳೇ ಇರಲಿಲ್ಲ. ಅಂಗಳಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಸೀರೆ ಎತ್ತಿ ಕಟ್ಟಿ ಅವಳ ಹಿಂದೆ ಬಂದರು. ಮೊದಲ ಹನಿಗಳು ದಪ್ಪನೆ ಬೀಳತೊಡಗಿದವು.

ಈರು ಗೌಡ ಜಂತ್ರಡಿಯ ತೊಲೆಯ ಮೇಲೆ, ಕಾಲು ಇಳಿಬಿಟ್ಟು ಕೂತಿದ್ದ. ಕೆಳಗೆ ಉಪ್ಪುನೀರು ಒಳಗೆ ಹರಿಯುತ್ತಿತ್ತು. ತುಟಿಯಲ್ಲಿ ಹಚ್ಚದ ಬೀಡಿ. ಓಡಿ ಬಂದ ಗುಂಪನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು.

"ಕೇಳೂಕೆ ಬಂದ್ಯಾ?"

"ಹೌದು ಗೌಡ್ರೆ," ಎಂದಳು ಲತಿಕಾ. ಉಸಿರು ಸಿಗುತ್ತಿರಲಿಲ್ಲ. "ಇದ್ದೀರಾ?"

ಅವನು ತುಟಿಯಿಂದ ಬೀಡಿ ತೆಗೆದ. ಹುಲ್ಕುರ್ವೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳಿರಲಿಲ್ಲ.

"ಇನ್ನೂ ಇದ್ದೆ," ಎಂದ. "ಬೆಂಕಿಪೆಟ್ಟಿಗೆ ಇದ್ರೆ ಕೊಡಿ."

ಮಕ್ಕಳ ಕೊಳದ ನೀರು ಆ ಮಳೆಗಾಲ ಉರಿಯಲಿಲ್ಲ. ಹುಲ್ಲುಹಾಸಿನ ಅರ್ಧ ಮತ್ತೆ ಕೆಸರಾಯಿತು. ಉಳಿದ ಅರ್ಧಕ್ಕಾಗಿ ಮೂರೂ ಕಡೆಯವರು ಈಗಲೂ ಜಗಳವಾಡುತ್ತಾರೆ. ತಕ್ಕಡಿ ಈಗಲೂ ಕೇಳುತ್ತದೆ. ಕೆಲವೊಮ್ಮೆ ಮೂವರೂ ಹೂಂ ಎನ್ನುತ್ತಾರೆ, ಕೆಲವೊಮ್ಮೆ ಒಂದು ಹೆಸರು ಬರುತ್ತದೆ. ಹೆಸರು ಬಂದರೆ ಹುಲ್ಕುರ್ವೆಯಲ್ಲಿ ಈಗ ಯಾರೂ ಮೊದಲು ಒಲೆ ಆರಿಸುವುದಿಲ್ಲ. ಆ ಮನೆಗೆ ಓಡುತ್ತಾರೆ.